ಬಾಡಿಗೆ ಮನೆಗೆ ಕ್ಯಾಮೆರಾ ತಗೊಳ್ಳುವ ಮುಂಚೆ

ಕುವೆಂಪುನಗರದ ನಮ್ಮ ಬಾಡಿಗೆ ಫ್ಲ್ಯಾಟಿಗೆ ಕ್ಯಾಮೆರಾ ಹಾಕಿದಾಗ ಕಲಿತದ್ದು ಹೇಳ್ತೀನಿ. ಗೋಡೆ ಕೊರೆಯುವ ಮಾಡೆಲ್ ಬೇಡ. ಖಾಲಿ ಮಾಡುವಾಗ ಪೇಂಟಿಗೆ ಅಂತ ಅಡ್ವಾನ್ಸ್‌ನಲ್ಲಿ ಹೇಗೂ ಮುರಿದುಕೊಳ್ಳುತ್ತಾರೆ, ತೂತಿನ ಲೆಕ್ಕ ಬೇರೆ ಯಾಕೆ? ಬಾಗಿಲಿಗೆ ಅಂಟಿಸುವ ಸೆನ್ಸರ್, ಟಿವಿ ಸ್ಟ್ಯಾಂಡ್ ಮೇಲೆ ಕೂರುವ ವೈಫೈ ಕ್ಯಾಮೆರಾ ಸಾಕು.

ಇಂಥ ಕ್ಯಾಮೆರಾಗಳಲ್ಲಿ ಎಷ್ಟೋ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ನಾನು ನಮ್ಮ ರೂಟರಿನ ಇನ್ನೊಂದು ವೈಫೈಗೆ, ಅಂದರೆ 5 ಗಿಗಾಹರ್ಟ್ಸ್‌ಗೆ ಜೋಡಿಸಲು ಹೋಗಿ ಸಂಜೆಯೆಲ್ಲಾ ಸುಮ್ನೆ ಒದ್ದಾಡಿದೆ. ಮೆಮೊರಿ ಕಾರ್ಡ್ ಹಾಕುವ ಜಾಗ ಇದೆಯಾ ನೋಡಿ, ಇಲ್ಲದಿದ್ದರೆ ರೆಕಾರ್ಡಿಂಗ್ ಉಳಿಸಲು ಕ್ಲೌಡ್‌ಗೆ (ಆನ್‌ಲೈನ್ ಸ್ಟೋರೇಜ್‌ಗೆ) ದುಡ್ಡು ಕಟ್ಟಬೇಕಾಗಬಹುದು. ಕರೆಂಟ್ ಹೋದರೆ ರೂಟರ್ ಕೂಡ ಮಲಗುತ್ತೆ, ಎರಡನ್ನೂ ಯುಪಿಎಸ್ ಲೈನಿಗೆ ಹಾಕಿ.

ಬಾಗಿಲು ತೆಗೆದಾಗ ಎದುರು ಮನೆ ಹೊಸ್ತಿಲು ಕಾಣದ ಹಾಗೆ ತಿರುಗಿಸಿ. ನಮ್ಮೆದುರಿನ ಆಂಟಿ ರಂಗೋಲಿ ಬಿಡುತ್ತಾ, "ಇದರಲ್ಲಿ ನಾನೂ ಬರ್ತೀನಾ?" ಅಂತ ಕೇಳಿಯೇ ಬಿಟ್ಟರು!