ನಿಮ್ಮ ಆಫೀಸಿನಲ್ಲಿ ಯಾರು ಎಲ್ಲಿ ಕೂತಿದ್ದಾರೆ? ನೀವೇ ಎಣಿಸಿ ನೋಡಿ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಸೆಕ್ಯೂರಿಟಿಯವರ ಡ್ಯೂಟಿ ಚಾರ್ಟ್ ಗೋಡೆ ಮೇಲೆ ಇರುತ್ತಿತ್ತು. ಎಲ್ಲರದೂ ಹೆಸರು. ಕೊನೆಯ ಎರಡು ಸಾಲು ಮಾತ್ರ 'ನೇಪಾಳಿ 1', 'ನೇಪಾಳಿ 2'. ಇಬ್ಬರೂ ಮಣಿಪುರದವರು. ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆವು. ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ.

2012ರ ಆಗಸ್ಟ್‌ನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆ ಅನ್ನುವ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ನಮ್ಮದೇ ಯಲ್ಲಾಪುರ, ಹಳಿಯಾಳದ, ಆಫ್ರಿಕಾ ಮೂಲದ ಸಿದ್ದಿ ಜನರನ್ನೂ 'ಯಾವ ದೇಶ?' ಅಂತ ಕೇಳುವವರಿದ್ದಾರೆ. ಮುಖ ನೋಡಿ ಅಳೆಯುವ ಈ ಚಾಳಿ ನಿಮ್ಮ ಸಂಸ್ಥೆಯಲ್ಲಿ ಎಷ್ಟಿದೆ?

ಮೊದಲ ಕೆಲಸ ಎಣಿಕೆ. ಹುದ್ದೆ, ಸಂಬಳ, ಸೇರಿದ ವರ್ಷ, ಕೊನೆಯ ಬಡ್ತಿ ಬರೆದುಕೊಳ್ಳಿ. ಗುತ್ತಿಗೆಯ ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಅಡುಗೆಯವರನ್ನು ಬಿಡಬೇಡಿ. ಅವರನ್ನು ಬಿಟ್ಟರೆ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಆದರೆ ಸುಳ್ಳು. ಯಾರು ಯಾವ ಸಮುದಾಯ ಅಂತ ನೀವೇ ಊಹಿಸಬೇಡಿ. ಇಷ್ಟವಿದ್ದವರು ತಾವೇ ಹೇಳಲಿ.

ಆಮೇಲೆ ನೇಮಕಾತಿ ನೋಡಿ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ತರಹದ ಅರ್ಜಿಗಳನ್ನು ಬೇರೆ ಬೇರೆ ಹೆಸರಲ್ಲಿ ಕಳಿಸಿದ್ದರು. ಬಿಳಿಯರದ್ದು ಅನ್ನಿಸುವ ಹೆಸರಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂತು. ಕಪ್ಪು ಜನರದ್ದು ಅನ್ನಿಸುವ ಹೆಸರಿಗೆ ಸುಮಾರು 15 ಅರ್ಜಿ ಬೇಕಾಯಿತು. ಹಾಗಾಗಿ ಮೊದಲ ಸುತ್ತಿನಲ್ಲಿ ಹೆಸರು, ಫೋಟೊ, ಊರು ಮುಚ್ಚಿಡಿ. ಸಂದರ್ಶನದಲ್ಲಿ ಎಲ್ಲರಿಗೂ ಒಂದೇ ತರಹದ ಪ್ರಶ್ನೆಗಳನ್ನು ಕೇಳಿ. 'ನಮ್ಮ ಜೊತೆ ಹೊಂದಿಕೊಳ್ಳುತ್ತಾರಾ?' ಅನ್ನುವ ಪ್ರಶ್ನೆಯನ್ನು ಪಟ್ಟಿಯಿಂದಲೇ ತೆಗೆಯಿರಿ. ಜಾಸ್ತಿ ಜನರನ್ನು ಹೊರಗಿಡುವುದು ಅದೇ ಅನ್ನೋದು ನನ್ನ ಅನುಭವ.

ಮೂರನೆಯದು ಕೇಳಿಸಿಕೊಳ್ಳುವುದು. ಮ್ಯಾನೇಜರ್ ಎದುರು ಯಾರೂ ಬಾಯಿ ಬಿಡುವುದಿಲ್ಲ, ಅಲ್ವಾ? ಹೊರಗಿನ, ನಂಬಿಕೆಯ ವ್ಯಕ್ತಿಯೊಬ್ಬರನ್ನು ಕರೆಸಿ. ಹೆಸರು ಬರೆಯಬೇಕಿಲ್ಲದ ಚೀಟಿ ಕೊಡಿ. ಒಂದು ಸಮುದಾಯದವರು ಇಬ್ಬರೋ ಮೂವರೋ ಇದ್ದರೆ ಅವರ ಉತ್ತರವನ್ನು ಬೇರೆಯಾಗಿ ತೋರಿಸಬೇಡಿ. ಯಾರು ಬರೆದದ್ದು ಅಂತ ತಕ್ಷಣ ಗೊತ್ತಾಗಿಬಿಡುತ್ತದೆ. ಸುಮ್ನೆ 'ಖುಷಿಯಾಗಿದ್ದೀರಾ?' ಅನ್ನಬೇಡಿ. 'ನಿಮ್ಮನ್ನು ಇಲ್ಲಿ ಏನಂತ ಕರೆಯುತ್ತಾರೆ?' ಅಂತ ಕೇಳಿ.

ನಿಯಮಗಳನ್ನೂ ಒಮ್ಮೆ ಓದಿ. ಬೆಂಗಳೂರಿನಿಂದ ಗುವಾಹಟಿಗೆ ರೈಲಿನಲ್ಲಿ ಹೋಗಲು ಎರಡು ದಿನಕ್ಕೂ ಜಾಸ್ತಿ ಬೇಕು. ಒಂದೇ ಸಲ ನಾಲ್ಕು ದಿನಕ್ಕಿಂತ ಹೆಚ್ಚು ರಜೆ ಇಲ್ಲ ಅಂದರೆ ಮಂಡ್ಯದವರು ಹಬ್ಬ ಮಾಡಿ ಬರುತ್ತಾರೆ. ಅಸ್ಸಾಮಿನವರಿಗೆ ಅದು ಹೋಗಿ ಬರುವುದಕ್ಕೂ ಸಾಲದು. ನಿಯಮ ಎಲ್ಲರಿಗೂ ಒಂದೇ, ಮನೆ ಕಾಣುವುದು ಒಬ್ಬರಿಗೆ ಮಾತ್ರ. ರಜೆಗಳನ್ನು ಒಟ್ಟಿಗೆ ಕೂಡಿಸಿ ತೆಗೆದುಕೊಳ್ಳಲು ಬಿಡಿ.

ದೂರು ಕೇಳಲು ಒಂದು ಸಮಿತಿ ಮಾಡಿ. ಅದರಲ್ಲಿ ಹೊರಗಿನವರೊಬ್ಬರು, ಗುತ್ತಿಗೆ ನೌಕರರೊಬ್ಬರು ಇರಲಿ. ಸಿಕ್ಕಿದ ಲೆಕ್ಕವನ್ನು, ಚೆನ್ನಾಗಿಲ್ಲದಿದ್ದರೂ, ಎಲ್ಲರಿಗೂ ತೋರಿಸಿ. ಮೂರು ತಿಂಗಳಿಗೆ ಒಂದು ಬದಲಾವಣೆ ಸಾಕು. ಯಾರು ಮಾಡುತ್ತಾರೆ, ಯಾವ ತಾರೀಕಿಗೆ ಅಂತ ಬರೆದಿಡಿ. ವರ್ಷದ ನಂತರ ಅದೇ ಪಟ್ಟಿ ಹಿಡಿದು ಮತ್ತೆ ಎಣಿಸಿ.

ಡ್ಯೂಟಿ ಚಾರ್ಟ್ ತಿದ್ದುವುದಕ್ಕೆ ಸಮಿತಿಗಾಗಿ ಕಾಯಬೇಕಿಲ್ಲ. ಅವರನ್ನೇ ಕೇಳಿ, ಕಾಗುಣಿತ ಸರಿಯಾಗಿ ಬರೆದುಕೊಂಡು, ಇವತ್ತೇ ಅಂಟಿಸಿ.