ಅಂಚೆ ಚೀಲದಲ್ಲಿ ಬಂದ ಮರಗಳು: ಹಿತ್ತಿಲಿಗೆ ಊರಿನ ಗಿಡ ಆರಿಸಿ ಬೆಳೆಸುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಆಚೀಚೆ ನಾನು 31 ವರ್ಷ ಅಂಚೆ ಹಂಚಿದ್ದೇನೆ. ಸೈಕಲ್ ಹೋಗುವಲ್ಲಿ ಸೈಕಲ್, ಹೋಗದ ಗುಡ್ಡಕ್ಕೆ ಕಾಲು. ಮನಿಯಾರ್ಡರಿಗೆ ಸಹಿ ಹಾಕುವಷ್ಟರಲ್ಲಿ ಒಳಗಿಂದ ಒಂದು ಲೋಟ ಪುನರ್ಪುಳಿ (ಮುರುಗಲು, ಕೋಕಂ) ಶರಬತ್ತು ಬರುತ್ತಿತ್ತು. ಕುಡಿದು ಏಳುವಾಗ "ಇದರ ನಾಲ್ಕು ಬೀಜ ಕೊಡ್ತೀರಾ ಅಕ್ಕ?" ಎನ್ನುತ್ತಿದ್ದೆ. ಹಾಗೆ ಕಾಗದದ ಚೀಲದಲ್ಲೇ ನನ್ನ ಹಿತ್ತಿಲು ಮನೆಗೆ ಬಂತು. ಇರುವುದು 12 ಸೆಂಟ್ಸ್ ಜಾಗ. ಅಲ್ಲಿನ ಒಂದೊಂದು ಮರಕ್ಕೂ ಒಂದೊಂದು ಮನೆಯ ವಿಳಾಸ ಇದೆ.

ಈಗ ಹೊಸದಾಗಿ ಮನೆ ಕಟ್ಟಿದವರು ಬಂದು ಕೇಳುತ್ತಾರೆ: "ಅಂಚೆಯಣ್ಣ, ಯಾವ ಗಿಡ ನೆಡುವುದು?" ನರ್ಸರಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮೊದಲು ಏಪ್ರಿಲ್ ತಿಂಗಳಲ್ಲಿ ನಿಮ್ಮ ಊರಲ್ಲೇ ಒಂದು ಸುತ್ತು ನಡೆದು ಬನ್ನಿ ಎನ್ನುತ್ತೇನೆ. ನೆತ್ತಿ ಸುಡುವ ಬಿಸಿಲಲ್ಲಿ, ಯಾರೂ ನೀರು ಹಾಕದೆ, ನಿಮ್ಮದೇ ತರದ ಮಣ್ಣಲ್ಲಿ ಹಸಿರಾಗಿ ನಿಂತಿರುವುದು ಯಾವುದು ಅಂತ ನೋಡಿ. ಆ ಪಟ್ಟಿಯಿಂದಲೇ ಆರಿಸಿ.

ಯಾಕೆ ಅಂದರೆ, ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬಿದ್ದರೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಡಿಸೆಂಬರ್ ದಾಟಿದರೆ ಏಪ್ರಿಲ್ ನಡುವಿನ ಬಿಸು ಹಬ್ಬದವರೆಗೆ ಆಕಾಶ ನೋಡುತ್ತಾ ಕೂರಬೇಕು. ರಂಬುಟಾನ್, ಮ್ಯಾಂಗೋಸ್ಟೀನ್ ಹುಟ್ಟಿದ್ದು ಮಲೇಷ್ಯಾದ ಕಡೆ. ಅಲ್ಲಿ ವರ್ಷಪೂರ್ತಿ ಮಳೆ. ಇಲ್ಲಿ ಅವಕ್ಕೆ ನೀರು ಬೇಕಾಗುವುದು ನಮ್ಮ ಬಾವಿ ಪಾತಾಳಕ್ಕೆ ಇಳಿದಿರುವಾಗಲೇ. ನೀರು ಧಾರಾಳ ಇದ್ದರೆ ಬೆಳೆಸಿ, ನನ್ನ ತಕರಾರಿಲ್ಲ. ಗೇರು ಕೂಡ ಪೋರ್ಚುಗೀಸರು ತಂದದ್ದೇ, ಅದನ್ನು ಯಾರು ಬೈಯುತ್ತಾರೆ? ಆಸ್ಟ್ರೇಲಿಯಾದ ಅಕೇಶಿಯಾವನ್ನು ಮಾತ್ರ ಹಿತ್ತಿಲಿಗೆ ತರಬೇಡಿ. ಅದರ ತರಗೆಲೆ ಬೇಗ ಕೊಳೆಯುವುದೂ ಇಲ್ಲ.

ಎರಡನೇ ಮಾತು ಹೆಸರಿನದು. ನಮ್ಮ ಗಡಿಯಲ್ಲಿ ಒಂದು ಮರಕ್ಕೆ ಮೂರು ಭಾಷೆ. ಒಮ್ಮೆ ಒಂದು ನರ್ಸರಿಯಲ್ಲಿ ನನ್ನ ಮುರುಕು ಮಲಯಾಳದಲ್ಲಿ "ಪುಳಿ" ಅಂತ ಏನೋ ಕೇಳಿದೆ. ಅವರು ಕೊಡಂಪುಳಿ ಕೊಟ್ಟರು. ಅದು ನಾವು ಉಪ್ಪಗೆ, ಮಂತುಹುಳಿ ಅನ್ನುವ ಮರ. ನನಗೆ ಬೇಕಿದ್ದದ್ದು ಪುನರ್ಪುಳಿ. ಎರಡೂ ಒಂದೇ ಕುಟುಂಬದವು, ಮರಿ ಗಿಡದಲ್ಲಿ ನನ್ನಂಥವರಿಗೆ ಗುರುತು ಸಿಗಲಿಲ್ಲ. ಗೊತ್ತಾಗುವಾಗ ಗಿಡ ನನ್ನ ಎದೆಯೆತ್ತರ. ಆದ್ದರಿಂದ ಹೋಗುವ ಮೊದಲು ಹೆಸರು ಬರೆದುಕೊಳ್ಳಿ: ರೆಂಜೆಗೆ ಮಲಯಾಳದಲ್ಲಿ ಇಲಂಞಿ, ಹೆಬ್ಬಲಸಿಗೆ ಐನಿ ಅಥವಾ ಆಂಞಿಲಿ, ನೇರಳೆಗೆ ಞಾವಲ್, ಸುರಹೊನ್ನೆಗೆ ಪುನ್ನ, ಕಕ್ಕೆಗೆ ಕಣಿಕ್ಕೊನ್ನ, ಕೇಪುಳಕ್ಕೆ ಚೆಕ್ಕಿ.

ಅಶೋಕದ್ದು ಇನ್ನೊಂದು ಮೋಸ. ಶಾಲೆಗಳ ಗೇಟಿನಲ್ಲಿ ಕಂಬದ ಹಾಗೆ ನಿಲ್ಲುವ ಉದ್ದ ಮರವನ್ನೂ ಅಶೋಕ ಅಂತಲೇ ಮಾರುತ್ತಾರೆ. ಔಷಧಿಗೆ ತೊಗಟೆ ಬಳಸುವ ಸೀತಾ ಅಶೋಕ ಅದಲ್ಲ. ಇದು ಗಿಡ್ಡ, ಕೊಂಬೆ ಹರಡುವ ಮರ. ಚಿಗುರು ತಾಮ್ರದ ಬಣ್ಣದಲ್ಲಿ ಸೋತ ಹಾಗೆ ಜೋತು ಬಿದ್ದಿರುತ್ತದೆ. ಹೂ ಕಿತ್ತಳೆ ಬಣ್ಣದ ಗೊಂಚಲು, ಹಳತಾದಂತೆ ಕೆಂಪು. ಚಿಗುರು ನೋಡಿಯೇ ಗಿಡ ಕೊಳ್ಳಿ. ಇದಕ್ಕೆ ನೆರಳು, ತೇವ ಎರಡೂ ಬೇಕು. ನಾನು ಬಚ್ಚಲ ನೀರು ಹೋಗುವಲ್ಲಿ ಇಟ್ಟಿದ್ದೇನೆ, ಬುಡದಲ್ಲಿ ತಿಮರೆ (ಒಂದೆಲಗ) ಹಬ್ಬಿದೆ. ಬೇಸಗೆಯಲ್ಲಿ ದಿನಾ ತಂಬುಳಿಗೆ ಅಲ್ಲಿಂದಲೇ ಕೊಯ್ಯುವುದು.

ಈಗ ಪುನರ್ಪುಳಿ. ಒಂದೇ ಮರಕ್ಕೆ ಜಾಗ ಇದ್ದರೂ ಇದನ್ನು ನೆಡಿ ಅನ್ನುತ್ತೇನೆ. ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲದಲ್ಲೂ ಬರುತ್ತದೆ, ಆಕಾರ ಚೆಂದ, ದೊಡ್ಡ ಬೇರಿನ ಕಾಟ ಇಲ್ಲ, ಬೇಸಗೆಯ ಶರಬತ್ತೂ ಸಾರೂ ಮನೆಯಲ್ಲೇ. ಆದರೆ ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಗಿಡಗಳಲ್ಲಿ ಹತ್ತಿರ ಹತ್ತಿರ ಅರ್ಧ ಗಂಡಾಗುತ್ತವೆ. ಹೂ ಬಿಡುವ ತನಕ ಯಾವುದು ಏನೆಂದು ತಿಳಿಯುವುದಿಲ್ಲ. ನಾನು 2006ರಲ್ಲಿ ಮೂರು ಸಸಿ ನೆಟ್ಟೆ. ಎಂಟು ವರ್ಷ ಸಾಕಿದೆ. 2014ರಲ್ಲಿ ಹೂ ಬಂತು. ಮೂರರಲ್ಲಿ ಎರಡು ಗಂಡು! ಮನೆಯವಳು ಬೈಯಲಿಲ್ಲ, ನಕ್ಕಳು. ಅದು ಇನ್ನೂ ಕಷ್ಟ.

ಹೂವಿನ ನಡುವೆ ಮರಿಕಾಯಿಯ ಹಾಗೆ ಗುಂಡಗೆ ಉಬ್ಬಿದ್ದರೆ ಹೆಣ್ಣು. ಬರೀ ಹಳದಿ ಕೇಸರದ ಗುಚ್ಛವಿದ್ದರೆ ಗಂಡು. ಆದರೆ ಅಷ್ಟು ವರ್ಷ ಕಾಯುವ ಬದಲು ಕಸಿ ಗಿಡವನ್ನೇ ತನ್ನಿ. ಹೆಣ್ಣು ಮರದ ಕುಡಿ ಕಟ್ಟಿದ ಕಸಿ ನಾಲ್ಕೈದು ವರ್ಷಕ್ಕೆ ಹಣ್ಣು ಕೊಡುತ್ತದೆ. ಕೊಳ್ಳುವಾಗ ಕೇಳಬೇಕಾದ್ದು ಒಂದೇ: ಕುಡಿ ತೆಗೆದದ್ದು ನೇರ ಮೇಲಕ್ಕೆ ಹೋಗುವ ಕೊಂಬೆಯಿಂದಲೋ, ಅಡ್ಡ ಕೊಂಬೆಯಿಂದಲೋ? ಅಡ್ಡ ಕೊಂಬೆಯದ್ದಾದರೆ ಗಿಡ ಮರವಾಗಿ ಏಳುವುದಿಲ್ಲ, ಪೊದೆಯ ಹಾಗೆ ನೆಲದಲ್ಲೇ ಹರಡುತ್ತದೆ. ಸಣ್ಣ ಜಾಗಕ್ಕೆ ಅದೂ ಆದೀತು, ಗೊತ್ತಿದ್ದು ತಂದರೆ. ಕಸಿಯ ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಿ. ಬಿಟ್ಟರೆ ಅದೇ ಮರವಾಗಿ, ಕಟ್ಟಿದ ಕುಡಿ ಸಾಯುತ್ತದೆ. ಗಂಡು ಮರ ಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ನಮ್ಮ ಊರಲ್ಲಿ ಅದಕ್ಕೆ ಬರವಿಲ್ಲ, ನನ್ನಲ್ಲೇ ಒಂದು ನಿಂತಿದೆ. ಇನ್ನೊಂದನ್ನು ಕಡಿದು, ಬುಡದಲ್ಲಿ ಬಂದ ಚಿಗುರಿಗೆ ಬಾಯಾರು ಎಂಬ ಊರಿನ ಒಂದು ಮನೆಯ ಮರದ ಕುಡಿ ಕಟ್ಟಿದೆ. ಹಣ್ಣು ದೊಡ್ಡದು, ಸಿಪ್ಪೆ ದಪ್ಪ. ಆ ಮರದ ಶರಬತ್ತು ಇಪ್ಪತ್ತು ವರ್ಷ ಕುಡಿದು ಗೊತ್ತಿತ್ತು. ತಾಯಿಮರ ಆರಿಸುವುದು ಅಂದರೆ ಇಷ್ಟೇ, ರುಚಿ ನೋಡಿ ಆರಿಸುವುದು. ಕಾಟುಮಾವಿಗೂ ಹಲಸಿಗೂ ಇದೇ ದಾರಿ.

ಬೀಜ ಹಾಕಿ ಬೆಳೆಸುವವರು ಒಂದು ವ್ಯತ್ಯಾಸ ನೆನಪಿಟ್ಟರೆ ಸಾಕು. ಪುನರ್ಪುಳಿ, ಹಲಸು, ಹೆಬ್ಬಲಸು, ಮಾವು, ನೇರಳೆ ಇವುಗಳ ಬೀಜ ಒಣಗಿದರೆ ಸತ್ತಂತೆ. ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಹಾಕಿ. ಪೊಟ್ಟಣ ಕಟ್ಟಿ ಮುಂದಿನ ವರ್ಷಕ್ಕೆ ಇಡಲು ಆಗುವುದಿಲ್ಲ. ಮೊದಮೊದಲು ನಾನೂ ಅಂಚೆ ಚೀಲದ ಮೂಲೆಯಲ್ಲಿ ಮರೆತು ಎಷ್ಟೋ ಬೀಜ ಹಾಳು ಮಾಡಿದ್ದೇನೆ. ಕಕ್ಕೆಯದ್ದು ಉಲ್ಟಾ. ಸಿಪ್ಪೆ ಗಟ್ಟಿ, ನೀರು ಒಳಗೆ ಇಳಿಯುವುದೇ ಇಲ್ಲ. ಬೀಜದ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ, ಒಂದು ರಾತ್ರಿ ನೀರಲ್ಲಿ ನೆನೆಹಾಕಿ ಬಿತ್ತಿ. ನೆಲ್ಲಿಯ ಗೊರಟನ್ನು ಬಿಸಿಲಿಗಿಟ್ಟರೆ ತಾನೇ ಬಿರಿದು ಒಳಗಿನ ಬೀಜ ಹೊರಗೆ ಬರುತ್ತದೆ. ಕೇಪುಳಕ್ಕೆ ಬೀಜದ ಗೋಜೇ ಬೇಡ, ಮಳೆ ಹಿಡಿದ ಮೇಲೆ ಗೆಲ್ಲು ಕಡಿದು ನೆಟ್ಟರೆ ಆಯಿತು. ಬೇಲಿಗೆ ಅದಕ್ಕಿಂತ ಚೆಂದದ್ದು ನಾನು ಕಂಡಿಲ್ಲ. ಚಿಟ್ಟೆ, ಸೂರಕ್ಕಿ ಬಿಡದೆ ಬರುತ್ತವೆ.

ಗುಂಡಿಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಮುರಕಲ್ಲಿನಲ್ಲಿ ಪಿಕ್ಕಾಸು ಹಿಡಿದು ಎರಡೂವರೆ ಅಡಿ ಚೌಕ, ಅಷ್ಟೇ ಆಳ ತೆಗೆದರೆ ದೊಡ್ಡ ಸಾಧನೆ ಅನಿಸುತ್ತದೆ. ಆದರೆ ಜೂನ್‌ನಲ್ಲಿ ಅದು ಗುಂಡಿಯಲ್ಲ, ಬಾವಿ. ಸುತ್ತ ಗಟ್ಟಿ ಕಲ್ಲು, ನೀರು ಹೋಗುವುದೆಲ್ಲಿಗೆ? ಬೇರು ಕೊಳೆತು ಗಿಡ ಸಾಯುತ್ತದೆ. ನಾವು ನೀರು ಸಾಲಲಿಲ್ಲ ಅಂದುಕೊಂಡು ಇನ್ನಷ್ಟು ಹಾಕುತ್ತೇವೆ. ಗುಂಡಿಯ ತಗ್ಗಿನ ಬದಿಯನ್ನು ಒಂದು ಗೇಣು ಅಗಲಕ್ಕೆ ಕಡಿದು ನೀರಿಗೆ ದಾರಿ ಮಾಡಿ. ಮೇಲ್ಮಣ್ಣು, ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ ಬೆರೆಸಿ ತುಂಬಿ. ಪಕ್ಕದ ಮನೆಯಲ್ಲಿ ಕಾಸರಗೋಡು ಗಿಡ್ಡ ದನ ಇರುವುದು ನನ್ನ ಪುಣ್ಯ. ಮಣ್ಣು ತಗ್ಗುತ್ತದೆ, ಹಾಗಾಗಿ ನೆಲಕ್ಕಿಂತ ಅರ್ಧ ಅಡಿ ಏರಿಸಿಯೇ ತುಂಬಿ. ಕಲ್ಲು ಮೆದುವಾಗಲಿ ಎಂದು ತೆಂಗಿನ ಗುಂಡಿಗೆ ಉಪ್ಪು ಹಾಕುವ ಕ್ರಮ ಇದೆ. ತೆಂಗು ಉಪ್ಪು ತಡೆಯುತ್ತದೆ. ಉಳಿದ ಗಿಡಕ್ಕೆ ಅದನ್ನು ಮಾಡಬೇಡಿ.

ನೆಡುವುದು ಮುಂಗಾರು ಹಿಡಿದು ಎರಡು ವಾರ ಕಳೆದ ಮೇಲೆ. ಗಿಡದ ಪ್ಲಾಸ್ಟಿಕ್ ತೊಟ್ಟೆ ಬಿಡಿಸುವಾಗ ಬೇರು ಅಡಿಯಲ್ಲಿ ಸುರುಳಿ ಸುತ್ತಿದ್ದರೆ ಆ ಸುರುಳಿಯನ್ನು ಕತ್ತರಿಸಿ. ಪಾಪ ಅನ್ನಬೇಡಿ. ಬಿಟ್ಟರೆ ಅದು ದೊಡ್ಡದಾದ ಮೇಲೂ ಸುತ್ತುತ್ತಲೇ ಇರುತ್ತದೆ, ಒಂದು ಗಾಳಿಗೆ ಮರ ಮಗುಚುತ್ತದೆ.

ಮೊದಲ ಎರಡು ಬೇಸಗೆ ಮಾತ್ರ ಮಗುವಿನ ಹಾಗೆ ನೋಡಬೇಕು. ಬುಡಕ್ಕೆ ನಾಲ್ಕು ಬೆರಳು ದಪ್ಪ ತರಗೆಲೆ, ಮೇಲೆ ತೆಂಗಿನ ಸಿಪ್ಪೆ. ಆದರೆ ಕಾಂಡಕ್ಕೆ ತಾಗಿಸಬೇಡಿ, ಒಂದು ಗೇಣು ಬಿಡಿ. ತಾಗಿದರೆ ಒರಳೆ (ಗೆದ್ದಲು) ಹತ್ತುತ್ತದೆ. ಪಡುವಣ ಬದಿಗೆ ಒಂದು ತೆಂಗಿನ ಮಡಲು ಊರಿ, ಮಧ್ಯಾಹ್ನದ ಬಿಸಿಲು ತಡೆಯುತ್ತದೆ. ನೀರಿಗೆ ನನ್ನದು ಹಳೆಯ ಮಣ್ಣಿನ ಮಡಕೆ. ಅಡಿಯಲ್ಲಿ ಸಣ್ಣ ತೂತು, ತೂತಿಗೊಂದು ಬಟ್ಟೆಯ ಬತ್ತಿ, ಕುತ್ತಿಗೆವರೆಗೆ ಹೂತು ಮುಚ್ಚಳ. ವಾರಕ್ಕೆ ಎರಡು ಸಲ ತುಂಬಿಸುತ್ತೇನೆ. ಎರಡನೇ ವರ್ಷ ಒಂದು ಸಲ. ಮೂರನೇ ವರ್ಷ ಕೊಡುವುದಿಲ್ಲ. ದಿನಾ ಮೇಲೆಮೇಲೆ ನೀರು ಚಿಮುಕಿಸಿದರೆ ಬೇರು ಕೆಳಗೆ ಹೋಗುವ ಕಷ್ಟ ಯಾಕೆ ಪಡುತ್ತದೆ? ರಾಸಾಯನಿಕ ಗೊಬ್ಬರ ನಾನು ಈ ಮರಗಳಿಗೆ ಹಾಕಿದವನಲ್ಲ. ಚಗಳಿ ಇರುವೆ ಗೂಡು ಕಟ್ಟಿದರೆ ಹಾಗೇ ಬಿಡಿ, ಕಚ್ಚುತ್ತವೆ ನಿಜ, ಆದರೆ ಹುಳ ತಿನ್ನುತ್ತವೆ.

ಕಾಸರಕದ ಬಗ್ಗೆಯೂ ಕೇಳುತ್ತಾರೆ. ಕಾಸರಗೋಡಿನ ಹೆಸರು ಅದರಿಂದಲೇ ಬಂತು ಅನ್ನುವವರಿದ್ದಾರೆ, ಈಗ ಅದು ನಮ್ಮ ಜಿಲ್ಲೆಯ ಅಧಿಕೃತ ಮರವೂ ಹೌದು. ಆದರೆ ಹಣ್ಣು ನೋಡಲು ಕಿತ್ತಳೆಯ ಹಾಗೆ, ಬೀಜ ಕಡು ವಿಷ. ಮಕ್ಕಳಿರುವ ಮನೆಯ ಅಂಗಳಕ್ಕೆ ಬೇಡ. ಗುಡ್ಡದಲ್ಲಿ ಇರುವುದನ್ನು ಕಡಿಯದಿದ್ದರೆ ಸಾಕು.

ಅಂತರದ ಲೆಕ್ಕ ನನ್ನದು ಹೀಗೆ: ಪುನರ್ಪುಳಿ, ನೆಲ್ಲಿ ಗೋಡೆಯಿಂದ 12 ಅಡಿ. ರೆಂಜೆಗೆ 15. ಹಲಸು, ನೇರಳೆ, ಮಾವಿಗೆ 20ಕ್ಕಿಂತ ಕಡಿಮೆ ಬೇಡ. ಗೋಳಿ, ಅತ್ತಿ ಬಾವಿಯ ಹತ್ತಿರ ಬೇಡವೇ ಬೇಡ, ಬೇರು ಕಲ್ಲಿನ ಸಂದಿಗೆ ನುಗ್ಗುತ್ತದೆ. ಹೆಬ್ಬಲಸಿಗೆ 30 ಅಡಿಯಾದರೂ ಬೇಕು, ಅದು ನೂರು ಅಡಿ ದಾಟುವ ಮರ. 12 ಸೆಂಟ್ಸ್‌ನಲ್ಲಿ ಇಂಥ ದೊಡ್ಡ ಮರ ಒಂದೋ ಎರಡೋ, ಅಷ್ಟೇ. ಉಳಿದದ್ದೆಲ್ಲ ಪೊದೆ, ಬಳ್ಳಿ, ಸೊಪ್ಪು.

ಇದನ್ನು ಬೇರೆಯವರಿಗೆ ಹೇಳುವ ನಾನು, ಅಡುಗೆಮನೆಯಿಂದ ಬರೀ 14 ಅಡಿ ದೂರದಲ್ಲಿ ಹೆಬ್ಬಲಸು ನೆಟ್ಟಿದ್ದೇನೆ. ಆಗ ಅದು ಮೊಣಕಾಲೆತ್ತರ ಇತ್ತು, ಜಾಗ ಬೇಕಾದಷ್ಟು ಕಂಡಿತ್ತು. ಈಗ ಗಾಳಿ ಮಳೆಗೆ ಗೆಲ್ಲು ಹಂಚಿನ ಮೇಲೆ ಬೀಳುತ್ತದೆ. ಮಳೆಗಾಲ ಮುಗಿಯಲಿ, ಕಡಿಸೋಣ ಅನ್ನುತ್ತೇನೆ. ಮಳೆ ಮುಗಿದ ಮೇಲೆ, ಹಣ್ಣು ಆಗಿ ಹೋಗಲಿ ಅನ್ನುತ್ತಾಳೆ ಮನೆಯವಳು. ಅದರ ಬೀಜ ಹುರಿದು ತಿನ್ನುವುದು ಅವಳಿಗೆ ಭಾರಿ ಇಷ್ಟ. ಹಣ್ಣು ಮುಗಿಯುವಾಗ ಮತ್ತೆ ಮಳೆ.