ಒಂದೇ ಮಾರಿಕಣಿವೆ, ಹಲವು ಬಗೆಯ ಪ್ರಬಂಧ

ಪ್ರಬಂಧದ ಪ್ರಶ್ನೆ ಓದಿದ ಕೂಡಲೇ ಅದರ ಕ್ರಿಯಾಪದಕ್ಕೆ ಮಕ್ಕಳಿಂದ ಅಡಿಗೆರೆ ಹಾಕಿಸುತ್ತೇನೆ. ‘ವರ್ಣಿಸಿ’, ‘ವಿವರಿಸಿ’, ‘ಚರ್ಚಿಸಿ’ ಎಂಬ ಮೂರಕ್ಕೂ ಒಂದೇ ಉತ್ತರ ಬರೆದು ಅಂಕ ಕಳೆದುಕೊಳ್ಳುವವರೇ ಹೆಚ್ಚು. ಚಿತ್ರದುರ್ಗದ ಮಕ್ಕಳಿಗೆ ಪರೀಕ್ಷೆಯ ಎಲ್ಲ ಬಗೆಗೂ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟನ್ನೇ, ಅಂದರೆ ವಾಣಿವಿಲಾಸ ಸಾಗರವನ್ನೇ, ವಿಷಯವಾಗಿ ಕೊಡುತ್ತೇನೆ. ವಿಷಯ ಬದಲಾಗದಿದ್ದರೆ ಬಗೆಯ ವ್ಯತ್ಯಾಸ ಬೇಗ ತಿಳಿಯುತ್ತದೆ.

ವರ್ಣನೆಗೆ ಮೊದಲು ನಿಲ್ಲುವ ಜಾಗ ಗೊತ್ತುಮಾಡಿಕೊಳ್ಳಬೇಕು. ಕಟ್ಟೆಯ ಮೇಲೆ ನಿಂತರೆ ಒಂದು ಕಡೆ ನೀರು, ಅಕ್ಕಪಕ್ಕ ಗುಡ್ಡ, ಇನ್ನೊಂದು ಕಡೆ ಕೆಳಗೆ ತೋಟ. ಕಣ್ಣು ಹೋದ ಕ್ರಮದಲ್ಲೇ ವಾಕ್ಯ ಹೋಗಲಿ. ‘ರಮಣೀಯ’, ‘ಮನಮೋಹಕ’ ಹೊಡೆದುಹಾಕಿ ಅಲ್ಲಿ ಬಣ್ಣವನ್ನೋ ಸದ್ದನ್ನೋ ಬರೆಯಿರಿ. ವಿವರಣೆಗೆ ಮಾಹಿತಿಯೇ ಆಧಾರ: ವೇದಾವತಿ ನದಿ, 1907ರಲ್ಲಿ ಮುಗಿದ ಕಟ್ಟೆ, 130 ಅಡಿಯ ಪೂರ್ಣ ಮಟ್ಟ, 30 ಟಿಎಂಸಿ ಸಾಮರ್ಥ್ಯ. ಕಥನಕ್ಕೆ ತಿರುವು ಬೇಕು. 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ದಿನದಿಂದಲೇ ಶುರುಮಾಡಿ ಹಿಂದಿನ ಬರಗಾಲಕ್ಕೆ ಹೋಗಬಹುದು.

ಹೆಚ್ಚು ಜನ ಎಡವುವುದು ಚರ್ಚೆಯಲ್ಲಿ. ‘ಡ್ಯಾಂ ನೀರು ಮೊದಲು ಊರಿನ ನಲ್ಲಿಗೋ ರೈತರ ತೋಟಕ್ಕೋ?’ ಎಂದರೆ ತಮ್ಮ ಪಕ್ಷಕ್ಕೆ ಮೂರು ಪ್ಯಾರಾ ಬರೆದು, ಎದುರು ಪಕ್ಷಕ್ಕೆ ಒಂದು ಸಾಲು ಕೊಟ್ಟು, ಕೊನೆಗೆ ‘ಎರಡೂ ಮುಖ್ಯ’ ಎಂದು ಜಾರಿಕೊಳ್ಳುತ್ತಾರೆ. ಎದುರು ವಾದವನ್ನು ಮೊದಲೇ ಕಲೆಹಾಕದಿರುವುದೇ ಇದಕ್ಕೆ ಕಾರಣ. ಕಚ್ಚಾ ಹಾಳೆಯ ನಡುವೆ ಗೆರೆ ಎಳೆದು ಎರಡೂ ಕಡೆ ಮೂರು ಮೂರು ಕಾರಣ ಬರೆಸುತ್ತೇನೆ. ಎದುರಾಳಿಯ ಅತಿ ಗಟ್ಟಿ ಕಾರಣವನ್ನು ಮೊದಲು ಎತ್ತಿಕೊಂಡು, ಅದರಲ್ಲಿ ನಿಜವಿದ್ದಷ್ಟನ್ನು ಒಪ್ಪಿ, ಆಮೇಲೆ ಉತ್ತರ ಕೊಡಬೇಕು. ‘ಆದ್ದರಿಂದ’ ಎಂದು ಬರೆದಲ್ಲೆಲ್ಲ ನಿಂತು ನೋಡಿ: ಹಿಂದಿನ ವಾಕ್ಯ ಮುಂದಿನದಕ್ಕೆ ನಿಜಕ್ಕೂ ಕಾರಣವೇ?

ಲಲಿತ ಪ್ರಬಂಧದ ದಾರಿ ಬೇರೆ. ದಾವಣಗೆರೆಯ ಮಂಡಕ್ಕಿ–ಮೆಣಸಿನಕಾಯಿಯಂಥ ಸಣ್ಣ ವಸ್ತು ಸಾಕು. ಮಾತು ಎಲ್ಲಿಗೆ ಅಲೆದರೂ ಮಂಡಕ್ಕಿಯ ನಂಟು ಬಿಡಬಾರದು. ಇದನ್ನು ಪರೀಕ್ಷೆಯಲ್ಲಿ ಬರೆಯಲು ನಾನು ಹೇಳುವುದಿಲ್ಲ, ಮನೆಯಲ್ಲಿ ಬಿಡುವಾಗಿ ಬರೆಯಲಿ.

250 ಪದದ ಪ್ರಬಂಧಕ್ಕೆ ಪೀಠಿಕೆ 35 ಪದ, ಒಡಲು 60ರಂತೆ ಮೂರು ಪ್ಯಾರಾ, ಉಳಿದದ್ದು ಉಪಸಂಹಾರ. ಕಚ್ಚಾ ಹಾಳೆಯಲ್ಲಿ ಒಡಲಿನ ಅಂಶಗಳು ಗಟ್ಟಿಯಾದ ಮೇಲೆಯೇ ಪೀಠಿಕೆಗೆ ಕೈಹಾಕಿ. ಅದೇ ಪೀಠಿಕೆ ‘ಗ್ರಂಥಾಲಯದ ಮಹತ್ವ’ಕ್ಕೂ ಹೊಂದುವಂತಿದ್ದರೆ ತೆಗೆದುಬಿಡಿ. ಉಪಸಂಹಾರದಲ್ಲಿ ಹೊಸ ಅಂಕಿಅಂಶ ಬೇಡ, ಪ್ರಶ್ನೆಗೆ ನೇರ ಉತ್ತರ ಇರಲಿ. ಪದಮಿತಿ ಮೀರಿದರೆ ಅಲ್ಲೊಂದು ಇಲ್ಲೊಂದು ಪದ ಕೀಳುವ ಬದಲು ಸಪ್ಪೆಯಾದ ಒಂದು ಅಂಶವನ್ನೇ ಪೂರ್ತಿ ಬಿಡಿ.